ಬಕೆಟ್ ಅಕ್ಕ ಹಿಂದಕ್ಕೆ ಪಡೆದ ಸಹಿ

ಹೆತ್ತವರು ಆಕೆಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಸಂಬಳದ ಚೀಟಿ ಬಿಟ್ಟರೆ ಆ ಹೆಸರು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಗಾರೆಯವರಿಂದ ಹಿಡಿದು ಗಾಜಿನ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಆಕೆ ಬಕೆಟ್ ಅಕ್ಕ. ಬಕೆಟ್ ಹಿಡಿಯುವುದೆಂದರೆ ಈಗಿನವರಿಗೆ ತಟ್ಟನೆ ಬೇರೆಯೇ ಅರ್ಥ ಹೊಳೆಯುತ್ತದೆ. ಆ ಕಲೆ ಗೊತ್ತಿದ್ದಿದ್ದರೆ ಆಕೆ ಎಂದೋ ಕಚೇರಿಯ ತಣ್ಣನೆಯ ಕೋಣೆಯಲ್ಲಿ ಕೂತಿರುತ್ತಿದ್ದಳು. ಆಕೆಯದು ನಿಜವಾದ ಬಕೆಟ್. ಹಸಿರು ಬಣ್ಣದ್ದು, ಹಿಡಿ ಮುರಿದು ತಂತಿ ಕಟ್ಟಿದ್ದು.

ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಗೆ ಸೇರಿ ಇಪ್ಪತ್ತಾರು ವರ್ಷ. ಸೇರಿದ ಹೊಸದರಲ್ಲಿ ಗಂಡಸರೆಲ್ಲ ಮುಂಬಾಗಿಲು, ಹಜಾರ, ಮೆಟ್ಟಿಲು ಎಂದು ಚೆಂದದ್ದನ್ನೆಲ್ಲ ಹಂಚಿಕೊಂಡು ಬಚ್ಚಲುಮನೆಯನ್ನು ಈ ಹೆಣ್ಣುಮಗಳ ಮೇಜಿಗೆ ತಳ್ಳಿದ್ದರು. ತಳ್ಳಿದ್ದನ್ನೇ ಆಕೆ ತನ್ನದಾಗಿಸಿಕೊಂಡಳು. ನೀರು ಯಾವ ಕಡೆ ಓಡಬೇಕು, ಸೋಪು ಎಲ್ಲಿಟ್ಟರೆ ಕೈಗೆ ಸಿಗುತ್ತದೆ, ಮುದುಕರು ಜಾರಿದರೆ ಯಾವುದನ್ನು ಹಿಡಿದುಕೊಳ್ಳಬೇಕು, ಇದೆಲ್ಲ ಆಕೆಗೆ ಅಂಗೈ ಗೆರೆಯಷ್ಟು ಪರಿಚಿತ. ಮನುಷ್ಯ ಲೋಕದ ಕಣ್ಣಿನಿಂದ ತಪ್ಪಿಸಿಕೊಂಡು ಹೋಗುವುದು ಅಲ್ಲಿಗೊಂದಕ್ಕೇ. ಆ ನಾಲ್ಕು ಗೋಡೆಯನ್ನಾದರೂ ಸರಿಯಾಗಿ ಕಟ್ಟಬಾರದೇ ಎಂಬುದು ಆಕೆಯ ವಾದ.

ಬಕೆಟ್ಟಿನ ಸಹವಾಸ ಶುರುವಾದದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷದಲ್ಲಿ. ಯಾರದೋ ಮನೆಯ ಬಚ್ಚಲಿಗೆ ಕಾಗದದ ಮೇಲೆ ಲೆಕ್ಕ ಹಾಕಿ ಕಿಟಕಿ ಇಟ್ಟಿದ್ದಳು. ಎದುರುಮನೆಯ ಮೆಟ್ಟಿಲ ತಿರುವಿನಲ್ಲಿ ನಿಂತರೆ ಒಳಗಿನವರ ಹೆಗಲವರೆಗೆ ಕಾಣುತ್ತಿತ್ತಂತೆ. ಆ ಮನೆಯ ಹೊಸ ಸೊಸೆ ನಾಲ್ಕು ತಿಂಗಳು ಬಟ್ಟೆ ಉಟ್ಟುಕೊಂಡೇ ಸ್ನಾನ ಮಾಡಿದಳು. ಅಂಗಡಿಯಲ್ಲಿ ಸಿಕ್ಕಾಗ ಅದನ್ನು ನಗುನಗುತ್ತಲೇ ಹೇಳಿದಳು. ಆ ನಗು ಕೇಳಿ ಅಕ್ಕನಿಗೆ ಎರಡು ದಿನ ಊಟ ಸೇರಲಿಲ್ಲ. ಅಂದಿನಿಂದ ಗೋಡೆ ಏಳುವ ಮೊದಲೇ ಜಾಗಕ್ಕೆ ಬಕೆಟ್ ಹೊತ್ತುಕೊಂಡು ಹೋಗುವುದು, ಬೋರಲು ಹಾಕಿ ಅದರ ಮೇಲೆ ಕೂರುವುದು, ಏಳುವುದು, ಬಗ್ಗುವುದು, ಒಣ ತಲೆಗೆ ಇಲ್ಲದ ನೀರು ಹೊಯ್ದುಕೊಂಡು ಸುತ್ತ ನೋಡುವುದು. ಯಾವ ಮಾಳಿಗೆಯಿಂದ, ಯಾವ ಮರದಿಂದ, ಯಾವ ಬಸ್ಸಿನ ಕಿಟಕಿಯಿಂದ ತಾನು ಕಾಣಬಹುದು? ಗಾರೆಯವರು ಮೊದಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ತಮ್ಮ ಮನೆಯ ಬಚ್ಚಲು ಕಟ್ಟಿಸುವಾಗ ಅಕ್ಕನನ್ನೇ ಕರೆಸಿದರು.

ಊರಿನ ಕಟ್ಟಡ ಕಚೇರಿಯವರೂ ಇದಕ್ಕೊಂದು ಫಾರಂ ಮಾಡಿದ್ದರು. ಅದರಲ್ಲಿ ಒಂದೇ ಪ್ರಶ್ನೆ: ಬಚ್ಚಲಿನ ಒಳಗಿರುವವರು ಹೊರಗಿನವರಿಗೆ ಕಾಣುತ್ತಾರೆಯೇ? ಇಲ್ಲ ಎಂದು ಬರೆದು ಸಹಿ ಹಾಕಬೇಕು. ಇಪ್ಪತ್ತಮೂರು ವರ್ಷ ಅಕ್ಕ ಸಹಿ ಹಾಕಿದ್ದ ಒಂದು ಫಾರಮ್ಮೂ ತಪ್ಪಾಗಿರಲಿಲ್ಲ.

ಹೀಗಿರುವಾಗ ಬಂದವನು ಗುಡ್ಡದ ಮೇಲೆ ವಸತಿಗೃಹ ಕಟ್ಟಿಸಲು ಹೊರಟ ಮಾಲೀಕ. ಎಲ್ಲೋ ಪ್ರವಾಸ ಹೋದವನು ಹೋಟೆಲಿನ ಟಬ್ಬಿನಲ್ಲಿ ಕೂತು ಬೆಟ್ಟ ನೋಡಿ ಬಂದಿದ್ದ. ಅಂದಿನಿಂದ ಅವನ ತಲೆಯೊಳಗೆ ಟಬ್ಬು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ನೋಡಮ್ಮ, ರೂಮು ಎಲ್ರೂ ಕೊಡ್ತಾರೆ. ನಾನು ಕೊಡೋದು ಬಾತ್‌ರೂಮು. ಎಂಟು ರೂಮು, ಎಂಟು ಬಾತ್‌ರೂಮು, ನೆಲದಿಂದ ಸೂರಿನವರೆಗೆ ಗಾಜು. ಟಬ್ಬಲ್ಲಿ ಕೂತ್ರೆ ಕೆರೆ ಬಂದು ಮಡಿಲಲ್ಲಿ ಕೂರ್ಬೇಕು," ಎಂದ.

ಅಕ್ಕನಿಗೆ ಅವನು ಹಿಡಿಸಲಿಲ್ಲ. ಅವನ ಆಸೆ ಮಾತ್ರ ತುಂಬಾ ಹಿಡಿಸಿತು. ಅದರಲ್ಲಿ ಮುಚ್ಚುಮರೆ ಏಕೆ? ಇಷ್ಟು ವರ್ಷ ಬರೆದದ್ದೆಲ್ಲ ಸ್ಲೇಟಿನಗಲದ ಕಿಟಕಿಗಳು. ತಂಗಿಯೊಡನೆ ತಾನಿರುವ ಬಾಡಿಗೆ ಮನೆಯ ಬಚ್ಚಲಿಗೆ ನೋಟ್‌ಬುಕ್ಕಿನಷ್ಟು ತೂತು, ಅದರಾಚೆ ಪಕ್ಕದವರ ಕೊಳಾಯಿ. ಸ್ನಾನ ಮಾಡುತ್ತ ನೀರನ್ನೂ ಆಕಾಶವನ್ನೂ ಒಟ್ಟಿಗೆ ನೋಡುವುದು ಎಂಥ ಸುಖ! ಒಂದು ತಿಂಗಳು ಹಸಿವು ನಿದ್ದೆ ಮರೆತು ಬರೆದಳು. ಇಳಿಬಿಸಿಲು ಕಣ್ಣಿಗೆ ಕುಕ್ಕದಂತೆ ಟಬ್ಬನ್ನು ಓರೆಯಾಗಿ ಇಟ್ಟಳು. ಗಾಜಿನ ಮೇಲೆ ಹಬೆ ಕೂರದಂತೆ ತಲೆಯ ಮೇಲೆ ತೆರೆಯುವ ಸಣ್ಣ ಕಿಟಕಿ ಕೊಟ್ಟಳು.

ಬಕೆಟ್ ಹೊತ್ತುಕೊಂಡು ಗುಡ್ಡಕ್ಕೂ ಹೋದಳು. ಮಧ್ಯಾಹ್ನ ಮೂರು ಗಂಟೆ. ಎಂಟು ಜಾಗದಲ್ಲೂ ಕೂತಳು, ಎದ್ದಳು, ಬಗ್ಗಿದಳು. ಎದುರಿಗೆ ಕೆರೆ, ಅದರಾಚೆ ಬೆಟ್ಟ, ಒಂದು ನರಪಿಳ್ಳೆಯ ಮನೆಯೂ ಇಲ್ಲ. ಕಡಿದಾದ ಇಳಿಜಾರಿನ ಬುಡದಲ್ಲಿ ಕಲ್ಲುಗಣಿ ಕೆಲಸದವರ ಸಾಲುಮನೆ, ಸಾಲಿನ ಹಿಂದೆ ಆಳೆತ್ತರದ ಗೋಡೆಯ, ಸೂರಿಲ್ಲದ ಆರು ಗೂಡುಗಳು. ಕೆಲಸ ಅರ್ಧಕ್ಕೆ ನಿಂತ ಕೋಣೆಗಳಿರಬೇಕು ಎಂದುಕೊಂಡಳು. ಗೋಡೆಗೆ ಒಂದೂ ಕಿಟಕಿಯಿಲ್ಲ. ಕಿಟಕಿಯಿಲ್ಲದ ಗೋಡೆಯೆಂದರೆ ನಕ್ಷೆಯವರಿಗೆ ಜೀವ ತಣ್ಣಗಾಗುತ್ತದೆ, ಅಲ್ಲಿಂದ ಇಣುಕುವವರು ಯಾರು? "ಕೆಳಗೆ ಕುರುಡು ಗೋಡೆ, ತೊಂದರೆ ಇಲ್ಲ," ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಫಾರಮ್ಮಿಗೆ ಸಹಿ ಬಿತ್ತು.

ಕಟ್ಟಡ ಎದ್ದಿತು, ಗಾಜು ಕೂತಿತು. ಗಾಜು ಕೂತ ಮೇಲೆ ಕಚೇರಿಯ ಕಾಫಿಯಮ್ಮನಿಗೆ ನೆಗಡಿ ಹಿಡಿಯಿತು.

ಕಾಫಿಯಮ್ಮ ಒಂಬತ್ತು ವರ್ಷದಿಂದ ಆ ಕಚೇರಿಯ ಕಸ ಗುಡಿಸಿ, ದಿನಕ್ಕೆ ಮೂರು ಸಲ ಕಾಫಿ ಕೊಡುವ ಹೆಂಗಸು. ಬೆಳಗ್ಗೆ ಎಂಟಕ್ಕೆ ಬರುವಾಗಲೇ ಒದ್ದೆ ಕೂದಲು, ಕೆಂಪು ಮೂಗು, ಅಕ್ಷಿ ಮೇಲೆ ಅಕ್ಷಿ. ತಿಂಗಳು ಮೂರಾದರೂ ನೆಗಡಿ ಬಿಡಲಿಲ್ಲ. ಒಂದು ದಿನ ಅಕ್ಕ ರೇಗಿದಳು.

"ಅಲ್ಲ ಕಾಫಿಯಮ್ಮ, ಈ ಚಳೀಲಿ ಅಷ್ಟು ಬೇಗ ಯಾಕೆ ತಲೆಗೆ ಹಾಕ್ಕೋತೀರಿ? ಬಿಸಿಲು ಬಂದ್ಮೇಲೆ ಮಾಡಬಾರ್ದಾ?"

"ಬಿಸಿಲು ಬಂದ್ಮೇಲೆ ಹೇಗಕ್ಕ ಮಾಡೋದು? ಮೇಲಿಂದ ಕಾಣುತ್ತಲ್ಲ."

"ಮೇಲಿಂದ ಯಾರಿಗೆ?"

ಕಾಫಿಯಮ್ಮ ಲೋಟ ಎತ್ತಿಕೊಳ್ಳುತ್ತ, ಇವತ್ತು ಮೋಡ ಇದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. "ನಿಮ್ಮ ಗಾಜಿಗೆ. ಗುಡ್ಡದ ಕೆಳಗೆ ನಮ್ಮ ಸಾಲುಮನೆ ಸ್ನಾನದ ಗೂಡಿಗೆ ಸೂರಿಲ್ಲ ಅಲ್ವಾ? ಗಣಿಯೋರು ಗೋಡೆ ಕಟ್ಟಿ, ತಗಡು ಮುಂದಿನ ವಾರ ಬರುತ್ತೆ ಅಂದಿದ್ರು. ಮೂವತ್ತು ವರ್ಷ ಆಯ್ತು. ಮೇಲೆ ಬರೀ ಬಂಡೆ ಇತ್ತು, ನಮಗೇನೂ ಅನ್ನಿಸ್ಲಿಲ್ಲ. ಈಗ ಹೆಂಗಸ್ರೆಲ್ಲ ಕತ್ತಲಿರೋವಾಗ್ಲೇ ಮುಗಿಸ್ಕೋತೀವಿ. ನನ್ನ ಮಗಳು ಕಾಲೇಜಿಂದ ಬೆವತು ಬಂದ್ರೂ ಬರೀ ಕೈಕಾಲು ತೊಳ್ಕೊಂಡು ಕೂತಿರ್ತಾಳೆ."

"ಮೂರು ತಿಂಗಳಿಂದ ನನಗೆ ಕಾಫಿ ಕೊಡ್ತಿದೀರಲ್ರೀ! ಒಂದು ಮಾತು ಹೇಳ್ಬಾರ್ದಾ?"

"ನೀವು ಬಕೆಟ್ ಹಾಕ್ಕೊಂಡು ಕೂತು ನೋಡಿದ್ರಂತಲ್ಲ. ನೋಡೇ ಹಾಕಿರ್ತಾರೆ, ಗೊತ್ತಿಲ್ದೆ ಮಾಡ್ತಾರಾ ಅಂದ್ಕೊಂಡ್ವಿ."

ಆ ಮಾತಿನಲ್ಲಿ ದೂರೇ ಇರಲಿಲ್ಲ. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ತಾನು ನೋಡಿಯೂ ಹಾಕುವವಳು ಎಂದು ಒಂಬತ್ತು ವರ್ಷ ಕಾಫಿ ಕೊಟ್ಟವಳು ನಂಬಿದ್ದಾಳಲ್ಲ, ಅದೂ ಸಿಟ್ಟಿಲ್ಲದೆ! ಅದು ಎದೆಗೆ ನಾಟಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಆಕೆಯ ಕಥೆ.

ಅಂದೇ ಸಂಜೆ ಬಿಸಿಲಿರುವಾಗಲೇ ಸಾಲುಮನೆಗೆ ಹೋದಳು. ಗೂಡಿನೊಳಗೆ ಕುಕ್ಕರಗಾಲಿನಲ್ಲಿ ಕೂತು ತಲೆಯೆತ್ತಿದಳು. ಒಂದರ ಪಕ್ಕ ಒಂದು ಎಂಟು ಗಾಜು, ನೆಟ್ಟಗೆ ತನ್ನ ನೆತ್ತಿಯ ಮೇಲೆ ಬಗ್ಗಿದ್ದವು. ಗೋಡೆಗೆ ಕಿಟಕಿ ಏಕಿರಲಿಲ್ಲ ಎಂಬುದು ಆಗ ಹೊಳೆಯಿತು. ಸೂರೇ ಇಲ್ಲದ ಮೇಲೆ ಬೆಳಕಿಗೆ ಕಿಟಕಿ ಯಾರಿಗೆ ಬೇಕು? ಇಪ್ಪತ್ತಾರು ವರ್ಷ ನಕ್ಷೆ ಬರೆದವಳಿಗೆ ಇಷ್ಟು ಹೊಳೆಯದೇ ಹೋಯಿತಲ್ಲ! ಮೂರನೆಯ ಗಾಜಿನ ಹಿಂದೆ ಬಣ್ಣದ ಕೆಲಸದವರಿಬ್ಬರು ತಿಂಡಿ ತಿನ್ನುತ್ತ ಆರಾಮವಾಗಿ ಕೆಳಗೆ ನೋಡುತ್ತಿದ್ದರು. ಅಕ್ಕ ನೋಡಿದ್ದು ಕಂಡು ಒಬ್ಬ ಕೈ ಬೀಸಿದ. ಆಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಮರುದಿನ ಕಚೇರಿಯ ಯಜಮಾನನ ಮೇಜಿನ ಮೇಲೆ ಹೊಸ ನಕ್ಷೆ ಬಿಡಿಸಿದಳು. ರಾತ್ರಿಯೇ ದಾರಿ ಹುಡುಕಿದ್ದಳು: ಗಾಜು ತೆಗೆಯುವುದೇ ಬೇಡ. ಪ್ರತಿ ಗಾಜಿನ ಹೊರಗೆ ಸೊಂಟದೆತ್ತರಕ್ಕೆ, ಮೂರಡಿ ಮುಂದಕ್ಕೆ ಚಾಚಿದ ಕಟ್ಟೆ, ಅದರ ತುಂಬ ಮಣ್ಣು, ಗಿಡ. ನಿಂತರೂ ಕೂತರೂ ಕೆರೆ ಕಾಣುತ್ತದೆ, ಬೆಟ್ಟ ಕಾಣುತ್ತದೆ. ಬುಡದ ಗೂಡು ಮಾತ್ರ ಮರೆಯಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ.

ಯಜಮಾನ ಹಳೆಯ ಯಜಮಾನರ ಮಗ. ಅಕ್ಕನ ಕಣ್ಣೆದುರೇ ಚಡ್ಡಿ ಹಾಕಿಕೊಂಡು ಕಚೇರಿಯಲ್ಲಿ ಓಡಾಡಿದವನು. "ಅಕ್ಕ, ಫಾರಂ ಏನು ಕೇಳುತ್ತೆ? ಒಳಗಿನೋರು ಹೊರಗಿನೋರಿಗೆ ಕಾಣ್ತಾರಾ ಅಂತ. ಕಾಣಲ್ಲ. ನೀವು ಬರೆದಿದ್ದು ಸರಿಯಾಗೇ ಇದೆ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?" ಎಂದ.

"ಸರಿಯಾಗಿದೆ ಅಂತಾನೇ ನನಗೆ ಹೊಟ್ಟೆ ಉರೀತಿರೋದು," ಎಂದಳು ಅಕ್ಕ.

ಮಾಲೀಕನೋ, ನಕ್ಷೆಯನ್ನು ಪೂರ್ತಿ ನೋಡಲೂ ಇಲ್ಲ. ಗಾಜಿನ ಫೋಟೋ ಆಗಲೇ ಅಚ್ಚಾಗಿದೆ, ನೆಲದವರೆಗೆ ನೋಟ ಎಂದು ದೊಡ್ಡಕ್ಷರದಲ್ಲಿ ಹಾಕಿದ್ದಾನೆ, ಈಗ ಕಟ್ಟೆ ಅಂದರೆ? "ಬರೋರೆಲ್ಲ ದೊಡ್ಡ ಮನೆತನದೋರಮ್ಮ. ಕೆರೆ ಬಿಟ್ಟು ಅವರನ್ನ ಯಾಕೆ ನೋಡ್ತಾರೆ?"

"ಹಾಗಾದ್ರೆ ನಿಮ್ಮ ಮನೆ ಬಚ್ಚಲಿನ ಸೂರು ತೆಗೆಸಿಬಿಡಿ ಸಾರ್. ದೊಡ್ಡ ಮನೆತನದೋರನ್ನೇ ಮಾಳಿಗೆ ಮೇಲೆ ನಿಲ್ಲಿಸೋಣ. ಅವರು ನೋಡಲ್ವಲ್ಲ!"

ಮಾಲೀಕನ ಮುಖ ಕೆಂಪಾಯಿತು. "ಏನಮ್ಮ, ನಾಲಿಗೆ ಉದ್ದ ಆಯ್ತು. ಅಷ್ಟು ಮಾನ ಇದ್ರೆ ಅವರೇ ಸೂರು ಹಾಕ್ಕೊಳ್ಳಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಿಟಕಿಯಿಲ್ಲದ, ದೀಪವಿಲ್ಲದ ಆ ಗೂಡಿಗೆ ಸೂರು ಹಾಕಿದರೆ ಹಗಲೇ ಕಗ್ಗತ್ತಲು. ಅಲ್ಲದೆ ಗಾಜು ಹಾಕಿದವನು ಇವನು, ತಪ್ಪಾಗಿ ನೋಡಿದವಳು ತಾನು, ಮೂವತ್ತು ವರ್ಷದಿಂದ ತಮ್ಮ ಪಾಡಿಗೆ ಮೈ ತೊಳೆದುಕೊಂಡವರು ಯಾಕೆ ಕತ್ತಲಲ್ಲಿ ಕೂರಬೇಕು? ಇದನ್ನೆಲ್ಲ ಹೇಳುವಷ್ಟರಲ್ಲಿ ಮಾಲೀಕ ಫೋನು ಕಿವಿಗಿಟ್ಟುಕೊಂಡು ಆಚೆ ಹೋಗಿದ್ದ.

ಅಕ್ಕ ಕಟ್ಟಡ ಕಚೇರಿಗೆ ಹೋದಳು. ಗುಮಾಸ್ತ ಹಳೆಯ ಪರಿಚಯದವನು. ಎಲ್ಲ ಕೇಳಿ, ಕನ್ನಡಕ ಒರೆಸಿ, ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿದ.

"ಒಳಗಿಂದ ಯಾರು ಕಾಣ್ತಾರೆ ಅನ್ನೋಕೆ ಇದ್ರಲ್ಲಿ ಕಾಲಂ ಇಲ್ಲಮ್ಮ."

"ಟಬ್ಬಲ್ಲಿ ಕೂರೋರಿಗೆ ಒಂದು ಪ್ರಶ್ನೆ ಇದೆ, ಕೆಳಗಿರೋರಿಗೆ ಅರ್ಧ ಪ್ರಶ್ನೆನೂ ಇಲ್ವಾ?"

"ಫಾರಂ ಬರೆದೋರು ಮಾಳಿಗೆ ಮೇಲಿನ ಮನೇಲಿದ್ರು ಅಂತ ಕಾಣುತ್ತೆ," ಎಂದ ಗುಮಾಸ್ತ. ತನ್ನ ಮಾತಿಗೆ ತಾನೇ ನಕ್ಕ. ಅಕ್ಕ ನಗದಿದ್ದುದನ್ನು ನೋಡಿ ದನಿ ತಗ್ಗಿಸಿದ. "ಒಂದು ಮಾತು. ಸಹಿ ಹಾಕಿದೋರೇ ಇದು ನಂದಲ್ಲ ಅಂದ್ರೆ ಈ ಕಾಗದ ನಿಲ್ಲಲ್ಲ. ಕಾಗದ ನಿಲ್ದೆ ಅವನು ಬಾಗಿಲು ತೆಗೆಯೋ ಹಾಗಿಲ್ಲ. ಆದ್ರೆ ನಿಮ್ಮ ಹೆಸರು ಕೆಡುತ್ತಮ್ಮ. ನನ್ನ ಸರ್ವೀಸಲ್ಲಿ ಸಹಿ ವಾಪಸ್ ತಗೊಂಡೋರನ್ನ ನಾನು ನೋಡಿಲ್ಲ."

"ಬಿಳಿ ಹಾಳೆ ಕೊಡಿ," ಎಂದಳು ಅಕ್ಕ.

ಅಲ್ಲೇ ನಿಂತು ಬರೆದಳು. 'ಒಳಗಿನವರು ಹೊರಗೆ ಕಾಣುತ್ತಾರೆಯೇ ಎಂದು ನೋಡಿದೆ. ಹೊರಗಿನವರು ಒಳಗಿನಿಂದ ಕಾಣುತ್ತಾರೆಯೇ ಎಂದು ನೋಡಲಿಲ್ಲ. ಕೆಳಗೆ ಹೆಂಗಸರು ಸ್ನಾನ ಮಾಡುವ ಜಾಗವಿದೆ. ತಪ್ಪು ನನ್ನದು. ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ.' ಕೊನೆಯ ಸಾಲಿನ ಕೆಳಗೆ ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಳು. ಇಷ್ಟು ಸರಳವಾದ ಮಾತು ಹೇಳುವುದಕ್ಕೆ ತನ್ನ ಹೆಸರನ್ನೇ ಅಡ ಇಡಬೇಕಾಯಿತಲ್ಲ ಎಂಬ ಸಿಟ್ಟಿಗೆ.

ಸುದ್ದಿ ಮುಟ್ಟಿದ ದಿನ ಯಜಮಾನ ಕೂಗಾಡಲಿಲ್ಲ. ಬಚ್ಚಲುಮನೆಯ ಕೆಲಸವನ್ನೆಲ್ಲ ಹೊಸದಾಗಿ ಸೇರಿದವನಿಗೆ ಕೊಟ್ಟ. ಅಕ್ಕನನ್ನು ಹಳೆಯ ನಕ್ಷೆ ಸುತ್ತಿಡುವ ಕಪಾಟಿನ ಪಕ್ಕಕ್ಕೆ ಕೂರಿಸಿದ. ಜೊತೆಯವರು ಎದುರಿಗೆ ಅಯ್ಯೋ ಪಾಪ ಎಂದರು, ಬೆನ್ನ ಹಿಂದೆ ವಯಸ್ಸಾಯಿತು, ಕಣ್ಣು ಮಂದ ಎಂದರು. ಅತ್ತ ಮಾಲೀಕ ಪ್ರಾರಂಭದ ದಿನ ಗೊತ್ತು ಮಾಡಿ ಊರೆಲ್ಲ ಕರೆದಿದ್ದ. ಕಾಗದವಿಲ್ಲದೆ ಬೀಗ ತೆಗೆಯುವಂತಿಲ್ಲ. ಹಲ್ಲು ಕಡಿದುಕೊಂಡು ಕಟ್ಟೆ ಕಟ್ಟಿಸಲು ಒಪ್ಪಿದ. ಎಂಟೂ ಕಟ್ಟೆ ನಕ್ಷೆಯಂತೆಯೇ ಇವೆ ಎಂದು ಮೇಸ್ತ್ರಿಯ ಕೈಯಲ್ಲಿ ಬರೆಸಿ, ಹೊಸಬನ ಸಹಿ ಹಾಕಿಸಿ ಕಾಗದ ಪಡೆದ. ಅಕ್ಕನನ್ನು ಯಾರೂ ಕರೆಯಲಿಲ್ಲ.

ಕರೆಯದಿದ್ದರೆ ಬಿಡುವವಳೇ? ಪ್ರಾರಂಭದ ದಿನ ಬೆಳಗ್ಗೆ ಹತ್ತಕ್ಕೆ ಸಾಲುಮನೆಯಲ್ಲಿದ್ದಳು. ನಾಲ್ಕು ತಿಂಗಳಾದ ಮೇಲೆ ಹಗಲಿನ ಸ್ನಾನ, ಹೆಂಗಸರೆಲ್ಲ ಬಿಂದಿಗೆ, ಟವೆಲ್ಲು ಹಿಡಿದು ಸಾಲುಗಟ್ಟಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕಾಫಿಯಮ್ಮನ ಮಗಳು. ಅಕ್ಕ ಮೊದಲು ತಾನು ನೋಡಿ ಬರುತ್ತೇನೆಂದು ಒಂದೊಂದೇ ಗೂಡಿಗೆ ಹೋಗಿ ಕೂತು, ನಿಂತು ನೋಡಿದಳು. ಒಂದು, ಎರಡು, ಐದರವರೆಗೂ ಬರೀ ಕಟ್ಟೆಯ ಹೊಟ್ಟೆ, ಗಿಡದ ಎಲೆ, ಆಕಾಶ. ಆರನೆಯ ಮೂಲೆ ಗೂಡಿನಲ್ಲಿ ಕೂತಳು. ಎಂಟನೆಯ ಗಾಜಿನಲ್ಲಿ ಯಾರೋ ನಡೆದಾಡಿದ್ದು ಸೊಂಟದವರೆಗೆ ಕಂಡಿತು. ಕೊಳಾಯಿ ಅಡ್ಡ ಬಂತೆಂದು ಮೇಸ್ತ್ರಿ ಆ ಕಟ್ಟೆಯನ್ನು ಒಂದು ಗೇಣು ಮೊಟಕು ಮಾಡಿದ್ದ.

ಕಾಫಿಯಮ್ಮ ಸಮಾಧಾನ ಹೇಳಿದಳು. "ಬಿಡಿ ಅಕ್ಕ, ಐದು ಸಿಕ್ತಲ್ಲ. ಈ ಮೂಲೆಗೆ ಹೋಗದಿದ್ರಾಯ್ತು." ಉಳಿದವರೂ ಹೌದು ಹೌದು ಎಂದರು.

ಅಕ್ಕನಿಗೆ ಮಾಲೀಕನ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. "ಏನು ಬಿಡೋದು? ಮೊದ್ಲು ಹಗಲು ಬಿಟ್ರಿ, ಈಗ ಮೂಲೆ ಬಿಡ್ತೀರಿ, ನಾಳೆ ಇನ್ನೇನು ಬಿಡ್ತೀರಿ? ಯಾರಪ್ಪನ ಮನೆ ಗಂಟು ಅಂತ ಬಿಡ್ತೀರಿ?" ಎಂದು ಕಿರುಚಿದಳು. ಎಲ್ಲರೂ ತಲೆ ತಗ್ಗಿಸಿದರು. ಕಾಫಿಯಮ್ಮನ ಮಗಳು ಮಾತ್ರ ತಗ್ಗಿಸಲಿಲ್ಲ.

"ನಾನು ಆರನೇದಕ್ಕೇ ಹೋಗ್ತೀನಿ ಅತ್ತೆ," ಎಂದಳು, ಬಿಂದಿಗೆ ಎತ್ತಿಕೊಂಡು. "ನೀವು ಮೇಲೆ ಹೋಗಿ. ಹತ್ತು ನಿಮಿಷ ಕಾಯ್ತೀನಿ."

ಐವತ್ತು ದಾಟಿದ ಕಾಲುಗಳು ಆ ಗುಡ್ಡವನ್ನು ಹೇಗೆ ಹತ್ತಿದವೋ, ಕಾಲುಗಳಿಗೇ ಗೊತ್ತು. ಮೇಲೆ ಕಾರುಗಳ ಸಾಲು, ಹೂವಿನ ಕಮಾನು. ಕೆಂಪು ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಅಕ್ಕ ಹಾಸುಗಂಬಳಿ ತುಳಿದು ಎಂಟನೆಯ ಕೋಣೆಗೆ ನುಗ್ಗಿದಳು. ಬಚ್ಚಲಲ್ಲಿ ಮಾಲೀಕ ಏಳೆಂಟು ಅತಿಥಿಗಳನ್ನು ನಿಲ್ಲಿಸಿಕೊಂಡು ನೋಟದ ವರ್ಣನೆ ಮಾಡುತ್ತಿದ್ದ. ಟಬ್ಬಿನ ತುಂಬ ನೀರು, ನೀರಿನ ಮೇಲೆ ಹೂವಿನ ಎಸಳು. ಅಕ್ಕ ಮಂಚದ ಬಿಳಿ ಚಾದರವನ್ನು ಸರಕ್ಕನೆ ಎಳೆದಳು, ಟಬ್ಬಿನಲ್ಲಿ ಅದ್ದಿದಳು, ತೊಟ್ಟಿಕ್ಕುತ್ತಿದ್ದ ಚಾದರವನ್ನು ಎತ್ತಿ ಗಾಜಿಗೆ ಬಡಿದಳು. ಗಾಜಿಗೆ ಒದ್ದೆ ಬಟ್ಟೆ ಅಂಟಿದಷ್ಟು ಬಿಗಿಯಾಗಿ ಯಾವುದೂ ಅಂಟುವುದಿಲ್ಲ. ಇಪ್ಪತ್ತಾರು ವರ್ಷದ ಕಸುಬು ಅಷ್ಟಾದರೂ ಕಲಿಸಿತ್ತು. ಕೆರೆ ಹೋಯಿತು, ಬೆಟ್ಟ ಹೋಯಿತು.

"ಏಯ್! ಏನಮ್ಮ ಇದು! ಅತಿಥಿಗಳಿದಾರೆ, ಕಾಣ್ಸಲ್ವಾ?"

"ಕೆಳಗೊಬ್ಬಳು ಸ್ನಾನ ಮಾಡ್ತಿದಾಳೆ."

ವಯಸ್ಸಾದ ಅತಿಥಿಯೊಬ್ಬಳು ಮುಂದೆ ಬಂದಳು. "ಕೆಳಗೆ ಯಾರು?" ಎಂದು ಕೇಳಿದಳು.

"ಯಾರೂ ಇಲ್ಲ ಮೇಡಂ, ಕೆಳಗೆ ಯಾರೂ ಇಲ್ಲ," ಎಂದ ಮಾಲೀಕ, ನಗಲು ನೋಡುತ್ತ.

"ಇದಾಳೆ!" ಅಕ್ಕನ ದನಿಗೆ ಬಚ್ಚಲೆಲ್ಲ ಗುಂಯ್ ಎಂದಿತು. "ಇಪ್ಪತ್ತು ವರ್ಷದ ಹುಡುಗಿ. ನಾಲ್ಕು ತಿಂಗಳಿಂದ ಹಗಲಲ್ಲಿ ಮೈಗೆ ನೀರು ಹಾಕ್ಕೊಂಡಿಲ್ಲ. ಒಂದು ಗೇಣು ಕಟ್ಟೆ ಕದ್ದಿದೀರಿ ನೀವು. ಮೇಸ್ತ್ರೀನ ಕರೆಸಿ. ಅವನು ಬರೋವರೆಗೂ ನಾನು ಇಲ್ಲಿಂದ ಕದಲಲ್ಲ."

ಚಾದರದ ಮೇಲಿನ ಮೂಲೆ ಜಾರತೊಡಗಿತು. ಅಕ್ಕ ಎರಡೂ ಕೈಯೆತ್ತಿ ಅದನ್ನು ಗಾಜಿಗೆ ಒತ್ತಿ ಹಿಡಿದಳು. ತಣ್ಣನೆಯ ನೀರು ತೋಳಿನಿಂದ ಕಂಕುಳಿಗಿಳಿಯಿತು. ಹಿಂದೆ ಯಾರೋ ಕೂಗಾಡಿದರು, ಯಾರೋ ಹೊರಗೆ ನಡೆದರು, ವಯಸ್ಸಾದ ಅತಿಥಿ ಬಂದು ಚಾದರದ ಇನ್ನೊಂದು ತುದಿ ಹಿಡಿದುಕೊಂಡಳು. ಮೇಸ್ತ್ರಿಯನ್ನು ಕರೆಸಿದರೋ ಇಲ್ಲವೋ ಅಕ್ಕ ತಿರುಗಿ ನೋಡಲಿಲ್ಲ. ಕೆಳಗಿನ ಹುಡುಗಿಗೆ ಮೊಣಕಾಲುದ್ದ ಕೂದಲು, ತೊಳೆಯಲು ಹೊತ್ತು ಹಿಡಿಯುತ್ತದೆ.